ಅಳತೆ

ದಾವಣಗೆರೆಯಿಂದ ರಕುಮಕ್ಕ ಫೋನು ಮಾಡಿದಾಗಲೆಲ್ಲ
ಕೇಳುವುದು ಅದೊಂದೇ: ಏನೈತಿ ಅಲ್ಲಿ?
ಚೌಕಿಪೇಟೆಯ ಅಂಗಡಿ ಖಾಲಿ ಮಾಡಿ
ಲಗೇಜ್ ಆಟೋದಲ್ಲಿ ಮಿಷನ್ನು ಹೇರಿಕೊಂಡು
ಮಾಯಕೊಂಡದ ಬಸ್ಸಿಳಿದು ಮೂರು ಮೈಲಿ ನಡೆಯೋ ಊರಿಗೆ
ಹೋಗಿ ಕೂತೆಯಲ್ಲೇ, ಏನೈತಿ?

ಕೆರೆ ಐತಿ, ಅನ್ನುತ್ತೇನೆ.
ನಗುತ್ತಾಳೆ. ಅವಳ ನಗೆಯ ಹಿಂದೆ ಹಾರ್ನು,
ಮಂಡಕ್ಕಿ ಭಟ್ಟಿಯ ಹೊಗೆ
ಫೋನಿನಲ್ಲೇ ಮೂಗಿಗೆ ಬರುತ್ತದೆ.

ಸುಳ್ಳು ಹೇಳಲಾರೆ.
ಹೊತ್ತು ಮುಳುಗುವ ಮುಂಚೆ ಕದ ಹಾಕದಿದ್ದರೆ
ಸೊಳ್ಳೆಗಳು ನನ್ನನ್ನೇ ಹೊಲಿದುಬಿಡುತ್ತವೆ.
ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕೆಸರಿನಲ್ಲಿ
ಸತ್ತ ಜಿಲೇಬಿ ಮೀನಿನ ವಾಸನೆ,
ಕತ್ತರಿಸದ ತಾನಿಗೂ ಹತ್ತಿಕೊಳ್ಳುತ್ತದೆ.
ಗಂಡ ಯಾಕೆ ಬಿಟ್ಟ ಎಂಬುದು
ನಾನು ಬಂದ ಮೂರನೇ ದಿನಕ್ಕೆ
ಬೆಸ್ತರ ಓಣಿಯಿಂದ ತಾಂಡಾದವರೆಗೆ ಗೊತ್ತಿತ್ತು,
ನನಗೇ ಗೊತ್ತಿಲ್ಲದ ಎರಡು ಕಾರಣ ಸೇರಿಸಿ.

ಆದರೆ ಇಲ್ಲಿ, ಅಕ್ಕ,
ಎದುರು ಸಿಕ್ಕವರು ಊಟ ಆಯ್ತಾ ಅನ್ನುವುದಿಲ್ಲ.
ಎಷ್ಟೈತಿ? ಅನ್ನುತ್ತಾರೆ.

ತೂಬಿನ ಪಕ್ಕ ಗೀಟು ಕೊರೆದ ಕಲ್ಲುಕಂಬ.
ನೀರಗಂಟಿ ಓಬಳಪ್ಪ ಬೆಳಬೆಳಗ್ಗೆ ಅದರ ಮುಂದೆ
ಕುಕ್ಕರಗಾಲಲ್ಲಿ ಕೂತು, ಕನ್ನಡಕ ಪಂಚೆಗೆ ಒರೆಸಿ,
ನೀರು ಮುಟ್ಟಿದ ಗೀಟು ನೋಡಿ ಏರಿ ಇಳಿಯುತ್ತಾನೆ.
ಒಂಬತ್ತಡಿ ಮೂರಂಗುಲ.
ಅಷ್ಟೇ. ಆ ಮಾತು ಡೇರಿಯ ಕ್ಯಾನಿಗೆ,
ಇಮಾಂಬಿಯ ಚಹದ ಒಲೆಗೆ, ಬಲೆಯ ಹರುಕು ಕೂಡಿಸುವ
ಗಂಗಮಾಳಮ್ಮನ ಜಗುಲಿಗೆ
ನನ್ನ ಮೊದಲ ಗಿರಾಕಿಗಿಂತ ಮುಂಚೆ ತಲುಪಿರುತ್ತದೆ.
ಅರ್ಧ ಅಂಗುಲ ಏರಿದರೆ ಸಾಕು,
ಯಾರೋ ಜಂಪರಿನ ಬಟ್ಟೆ ಹಿಡಿದು ಬರುತ್ತಾರೆ.

ನನ್ನದೂ ಅಳತೆಯ ಕಸುಬೇ.
ಪೇಟೆಯಲ್ಲಿ ಇಪ್ಪತ್ತು ವರ್ಷ ಎದೆ, ಸೊಂಟ, ತೋಳು
ಪುಸ್ತಕದಲ್ಲಿ ಬರೆದುಕೊಂಡೆ; ಮುಖ ನೆನಪಿಲ್ಲ.
ಇಲ್ಲಿ ಮೈಲಾರಪ್ಪನ ಬಲತೋಳು
ಎಡತೋಳಿಗಿಂತ ಒಂದಂಗುಲ ದಪ್ಪ.
ಹುಟ್ಟಿನಿಂದಲೇ? ಎಂದೆ.
ಹೂಂ, ಹುಟ್ಟಿನಿಂದಲೇ, ಎಂದು ತೆಪ್ಪದ ಕಡೆ ಕೈ ತೋರಿದ.
ಅವನು ಹೇಳಿದ ಹುಟ್ಟು ಯಾವುದೆಂದು ತಿಳಿಯಲು
ನನಗೆ ಒಂದು ದಿನ ಹಿಡಿಯಿತು.

ಕಾರ್ತಿಕದಲ್ಲಿ ಓಬಳಪ್ಪನಿಗೆ ಜ್ವರ.
ಬಿಸಿಲೇರಿದರೂ ಊರಿಗೆ ಅಳತೆ ಬರಲಿಲ್ಲ.
ಇಮಾಂಬಿ ಸಕ್ಕರೆ ಮರೆತಳು.
ಜನ ಏರಿಯತ್ತ ನೋಡಿ, ಮುಖ ತಿರುಗಿಸಿ,
ಏನೋ ಕಳಕೊಂಡವರ ಹಾಗೆ ಜೇಬು ಮುಟ್ಟಿಕೊಂಡರು.
ಗಂಗಮಾಳಮ್ಮ ಬಾಗಿಲಿಗೆ ಬಂದಳು:
ಟೇಪು ನಿನ್ನ ಕೊರಳಾಗೇ ಐತಲ್ಲ, ಹೋಗಿ ನೋಡ್ಕೊಂಡ್ ಬಾ.

ಹೋದೆ. ಕೂತೆ.
ಕಂಬದ ಬುಡದಲ್ಲಿ ಪಾಚಿ, ಒಂದು ಬಸವನಹುಳು.
ನಾಮದಕೋಳಿ ಮರಿಗಳನ್ನು ಜೊಂಡಿನೊಳಕ್ಕೆ ಗದರಿಸಿಕೊಂಡು ಹೋಯಿತು.
ನೀರು ಒಂದು ಗೀಟಿನಲ್ಲಿ ನಿಲ್ಲುವುದಿಲ್ಲ, ಅಕ್ಕ.
ಏರುತ್ತದೆ, ಇಳಿಯುತ್ತದೆ,
ಅಳತೆ ಕೊಡುವಾಗ ಉಸಿರು ಹಿಡಿಯಲಾರದ ಮಗುವಿನ ಹಾಗೆ.
ಸುಮ್ಮನಿರು ಪುಟ್ಟಾ, ಅಂದೆ, ಬಾಯಿಬಿಟ್ಟೇ.
ಹನ್ನೊಂದಡಿ ಎರಡೋ, ಎರಡೂವರೆಯೋ.
ಅರ್ಧ ಅಂಗುಲ ಒಳಗೇ ಮಡಿಸಿಟ್ಟೆ,
ನಾವು ಹೊಲಿಗೆಯಲ್ಲಿ ಬಿಡುತ್ತೇವಲ್ಲ,
ಮುಂದೆ ಬೇಕಾದರೆ ಬಿಚ್ಚಲೆಂದು.

ಏರಿ ಇಳಿಯುವಾಗ ಎದುರಿಗೆ ಥಾವರ‍್ಯಾ ನಾಯ್ಕ,
ಹೆಗಲ ಮೇಲೆ ಆಗತಾನೇ ಹುಟ್ಟಿದ ಆಡಿನ ಮರಿ.
ಎಷ್ಟೈತಿ, ಟೇಲರಮ್ಮ?
ಹೇಳಿದೆ.
ಹ್ಞೂಂ, ಅಂದ. ಮರಿಯ ಕಾಲು ಸರಿಮಾಡಿಕೊಂಡು
ತನ್ನ ದಾರಿ ಹಿಡಿದ.
ನನ್ನ ಮಾತು ಅವನ ಜೊತೆ ತಾಂಡಾ ಕಡೆ ಹೊರಟಿತು.
ನಾನು ನಿಂತೇ ಇದ್ದೆ.

ಓಬಳಪ್ಪ ಎದ್ದು ಓಡಾಡುತ್ತಿದ್ದಾನೆ ಈಗ.
ಸೋಮವಾರ ಮಾತ್ರ ನನ್ನ ಪಾಳಿ.

ರಾತ್ರಿ ಮತ್ತೆ ಫೋನು. ಮತ್ತೆ ಅದೇ:
ಏನೈತೇ ಅಲ್ಲಿ?
ಹನ್ನೊಂದಡಿ ಒಂದಂಗುಲ, ಅಂದೆ.
ಅತ್ತ ಕಡೆ ಮೌನ. ನಗಲಿಲ್ಲ.
ಯಾವುದೋ ಲಾರಿ ಹಾದುಹೋಯಿತು.
ಆಮೇಲೆ ಸಣ್ಣ ದನಿಯಲ್ಲಿ ರಕುಮಕ್ಕ:
ನಿನ್ನೆ ಎಷ್ಟಿತ್ತು?