ನಿಂತವರು ಬೀಳದ ಹಾಗೆ

ಸಡಿಲವಾದದ್ದು ಏನೂ ಒಳಗೆ ಇರಕೂಡದು
ಅಂತ ಚೀಟಿಯಲ್ಲಿ ಮೊದಲ ಸಾಲು.
ಶನಿವಾರ ಸಂಜೆ, ಪ್ಯಾರ್ನುವಿನ ನನ್ನ ಅಂಗಳದಲ್ಲಿ
ಹಳೇ ಹೊಂಡಾದ ನಾಲ್ಕೂ ಬಾಗಿಲು ತೆರೆದು ಮಂಡಿಯೂರಿದೆ.
ಹಿಂದಿನ ಸೀಟು ಬಿಚ್ಚಿದಾಗ ಅಡಿಯಿಂದ ಬಂದವು:
ಒಂದು ಕೈಗವಸು, ಎಡಗೈಯದು.
ಗಾಜಿನ ಹಿಮ ಕೆರೆಯುವ ಪ್ಲಾಸ್ಟಿಕ್ಕು, ಅರ್ಧ.
ಯೂರೋ ಬರುವ ಮೊದಲಿನ ಎರಡು ನಾಣ್ಯ.
ಮತ್ತೆ ಅಣಬೆ ಕೊಯ್ಯುವ ಆ ಚಾಕು,
ಯಾವುದಕ್ಕಾಗಿ ಎರಡು ವರ್ಷ
ಅಕ್ಕನನ್ನು ಅನುಮಾನಿಸಿದ್ದೆನೋ ಅದೇ.
ಫೋನ್ ಮಾಡಿ ಹೇಳಿದೆ.
ಅವಳು ನಗಲಿಲ್ಲ.

ಪಕ್ಕದ ಮನೆಯ ಎಂಡೆಲ್ ಬಂದು ಕಾರಿನಡಿ ತೂರಿಕೊಂಡ.
ಒತ್ತು, ಎಂದ. ಹಿಡಿ. ಬಿಡು.
ಒತ್ತು. ಹಿಡಿ. ಬಿಡು.
ಕಷಾಯದ ಬಣ್ಣಕ್ಕೆ ತಿರುಗಿದ್ದ ಬ್ರೇಕ್ ಎಣ್ಣೆ
ಗುಳ್ಳೆ ಗುಳ್ಳೆಯಾಗಿ ಜಾಮಿನ ಬಾಟಲಿಗೆ ಇಳಿಯಿತು.
ಚಕ್ರದ ನಟ್ಟುಗಳಿಗೆ ಅಳತೆಯ ಸ್ಪ್ಯಾನರು:
ಕಟಕ್ ಅಂದಾಗ ನಿಲ್ಲಿಸು,
ಕಟಕ್ ಅಂದ ಮೇಲೂ ತಿರುಗಿಸುವವಳು ನೀನು, ಗೊತ್ತು.
ದೀಪದ ಗಾಜಿಗೆ ನೀಲಿ ಟೇಪು ಅಡ್ಡಡ್ಡ ಅಂಟಿಸಿದೆವು.
ಏಟು ತಿಂದು ಮನೆಗೆ ಬಂದ ಹುಡುಗನ ಹಾಗೆ ಕಂಡಿತು ಕಾರು,
ಇನ್ನೂ ಹೊರಟೇ ಇಲ್ಲ.

ಹೆಲ್ಮೆಟ್ಟು ಎಂಡೆಲ್‌ನ ಸೋದರಳಿಯನದು.
ಒಳಗೆ ಯಾರದೋ ತಲೆಯ ವಾಸನೆ.
ರೂಢಿಯಾಗಲಿ ಎಂದು ಹಾಕಿಕೊಂಡೇ ಸೂಪು ಕುದಿಸಿದೆ.
ಬೆಕ್ಕು ಅಟ್ಟ ಹತ್ತಿ ಕೂತದ್ದು ಬೆಳಗಿನವರೆಗೂ ಇಳಿಯಲಿಲ್ಲ.
ಚೆನ್ನಾಗಿ ನಿದ್ದೆ ಮಾಡಿ ಎಂದಿತ್ತು ಚೀಟಿಯ ಕೊನೆಯಲ್ಲಿ.
ಜೂನ್ ತಿಂಗಳು, ಇಲ್ಲಿ ಕತ್ತಲೇ ಆಗುವುದಿಲ್ಲ.
ಕಣ್ಣು ಮುಚ್ಚಿ ನಕ್ಷೆಯ ತಿರುವುಗಳನ್ನು
ನನಗೆ ಗೊತ್ತಿರುವ ರೀತಿಯಲ್ಲೇ ಬಾಯಿಪಾಠ ಮಾಡಿದೆ:
ಒಂದನೆಯದು ಆಸ್ಪತ್ರೆ, ಎರಡು ಮಾರುಕಟ್ಟೆ,
ಮೂರು ಮೀನು ಕಾರ್ಖಾನೆ, ಅಲ್ಲಿ ಯಾರೂ ಇಳಿಯುವುದಿಲ್ಲ.

ಆಡ್ರು ಟ್ರ್ಯಾಕಿನ ಸುತ್ತ ಪೈನ್ ಮರ, ಜೌಗಿನ ವಾಸನೆ.
ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿದರು, ಬಾಣಂತಿ ವಾರ್ಡಿನ ಹಾಗೆ.
ಬಾವುಟಗಳ ಪಾಠವಾಯಿತು.
ನೀಲಿ ಬಾವುಟ ಅಂದರೆ ಹಿಂದೆ ಅವಸರದವರಿದ್ದಾರೆ, ದಾರಿ ಬಿಡು.
ಅದಕ್ಕೆ ನನಗೆ ಬಾವುಟ ಬೇಕಿಲ್ಲ.
ಹುಡುಗರೆಲ್ಲ ನಾಲ್ಕು ನಾಲ್ಕು ಟೈರು ಹೊತ್ತು ತಂದಿದ್ದರು.
ನಾನು ತಂದದ್ದು ಉಪ್ಪಿನಲ್ಲಿಟ್ಟ ಸೌತೆಕಾಯಿ, ನೀರು,
ಒಂದು ಇಟ್ಟಿಗೆ.

ಕಲಿಸಲು ಬಂದ ರೈಗೊ ಪಕ್ಕದಲ್ಲಿ ಕೂತು ಬೆಲ್ಟು ಬಿಗಿದುಕೊಂಡ.
ವಿರ್ವೆ ಅವರೇ, ನಾನು ಶಾಲೆಗೆ ಹೋಗಿದ್ದೇ ನಿಮ್ಮ ಬಸ್ಸಲ್ಲಿ.
ಒಂಬತ್ತು ವರ್ಷ ನಿಂತುಕೊಂಡು. ಒಂದು ದಿನವೂ ಬಿದ್ದಿಲ್ಲ.
ನಾನು ಹಿಗ್ಗಿದೆ.
ಈಗ ಬೀಳಿಸಿ ನೋಡೋಣ, ಎಂದ.

ಇಪ್ಪತ್ತಾರು ವರ್ಷ ಈ ಪಾದಕ್ಕೆ ಹೇಳಿಕೊಟ್ಟದ್ದು ಒಂದೇ:
ಸೀಟು ಖಾಲಿ ಇದ್ದರೂ ಕೂರದ ಮುದುಕಿ ಸಾಲ್ಮೆ
ಮೊಟ್ಟೆಯ ಚೀಲ ಹಿಡಿದು ನಿಂತಿದ್ದಾಳೆ.
ಬಸ್ಸು ನಿಂತದ್ದು ಅವಳಿಗೆ ಗೊತ್ತಾಗಕೂಡದು.
ನೇರ ದಾರಿ ಮುಗಿಯುತ್ತದೆ, ನೂರೈವತ್ತರ ಹಲಗೆ ಬರುತ್ತದೆ,
ಪಾದ ತಾನಾಗಿ ಇಳಿಯುತ್ತದೆ, ಬೆಣ್ಣೆಗೆ ಚಮಚ ಇಳಿದಂತೆ.
ಬೇಗ ಆಯಿತು, ಮೆತ್ತಗಾಯಿತು, ಎನ್ನುತ್ತಾನೆ ರೈಗೊ.
ಎರಡನೇ ಸುತ್ತು. ಬೇಗ ಆಯಿತು.
ಮೂರು. ನಾಲ್ಕು.
ಐದನೆಯದರಲ್ಲಿ ನೂರೈವತ್ತು ದಾಟಿಹೋಯಿತು,
ನೂರೂ ದಾಟಿತು,
ಒತ್ತು!

ಬೆಲ್ಟು ಕೊರಳೆಲುಬಿಗೆ ಕಚ್ಚಿತು.
ರೈಗೊನ ಗಲ್ಲ ಎದೆಗೆ ಬಡಿಯಿತು.
ಕಾರು ಮೂತಿ ನೆಲಕ್ಕೂರಿ, ಹೌದು,
ನಾನು ಕೇಳಿದಷ್ಟನ್ನೂ ಕೊಟ್ಟಿತು.
ನಾನು ಮಾತ್ರ ಕನ್ನಡಿ ನೋಡುತ್ತಿದ್ದೆ,
ಹಿಂದೆ ಯಾರು ಬಿದ್ದರು ಎಂದು.
ಬರೀ ತಗಡಿನ ನೆಲ.
ತಿರುವು ನೋಡಿ, ತಿರುವು, ಎಂದು ಕೂಗಿದ ರೈಗೊ.

ಕೊನೆಯ ಸುತ್ತು ನಿಧಾನ, ಬ್ರೇಕು ತಣಿಯಲಿ ಎಂದು.
ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಕೂಡದು,
ಕಾದ ಲೋಹ ಕಚ್ಚಿಕೊಳ್ಳುತ್ತದೆ.
ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಟ್ಟೆ.
ಸುಟ್ಟ ವಾಸನೆಯ ಪಕ್ಕ ಕೂತು
ಇಬ್ಬರೂ ಸೌತೆಕಾಯಿ ಕಡಿದೆವು.

ಸೋಮವಾರ, ಆಸ್ಪತ್ರೆ ನಿಲ್ದಾಣ, ಆರು ನಲವತ್ತು.
ಸಾಲ್ಮೆ ಹತ್ತಿದಳು, ಕಂಬ ಹಿಡಿದು ನಿಂತಳು.
ನನ್ನ ಪಾದ ಒಂದು ಕ್ಷಣ ತಡೆಯಿತು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಹಿಂದಿರುಗಿ ನೋಡಿ ಹೇಳಿದೆ:
ಕೂತ್ಕೊಳ್ಳಿ.