ವಿಷಮ ಭಿನ್ನರಾಶಿ

ಏಳೂ ಮುಕ್ಕಾಲು. ಕಾಮಾಕ್ಷಿಪಾಳ್ಯದ ತಿರುವಲ್ಲಿ
ಮೊದಲು ಹತ್ತೋಳು ಅಫ್ಶೀನ್.
ಕೊನೆಗೆ, ಒಂದು ಕೈಲಿ ಶೂ, ಒಂದು ಕೈಲಿ ದೋಸೆ
ಹಿಡ್ಕೊಂಡು ಓಡಿ ಬರೋನು ಗಗನ.
ಒಟ್ಟು ಏಳು ತಲೆ, ಏಳು ಬ್ಯಾಗು.
ಬ್ಯಾಗು ಹೊರಗೆ ಕೊಕ್ಕೆಗೆ, ತಲೆ ಒಳಗೆ.

ಇವತ್ತು ಪರೀಕ್ಷೆ. ಎಲ್ಲಾ ವಿಷಯದ ಪದಗಳೂ
ಒಂದೇ ಪೇಪರಲ್ಲಂತೆ.
ಕೇಳಿ ಅಂಕಲ್, ಕೇಳಿ, ಅಂತ
ಪಟ್ಟೀನ ನನ್ನ ಕನ್ನಡಿಗೆ ಸಿಕ್ಕಿಸಿದ್ದಾರೆ.
ನಾನೇನು ನೋಡಬೇಕಾಗಿಲ್ಲ.
ಹನ್ನೊಂದು ವರ್ಷದಿಂದ ಇದೇ ಪಟ್ಟಿ
ಬೆನ್ನ ಹಿಂದೆ ಕೂತು ಓದ್ತಾ ಇದೆ.
ಅವರು ಪಾಸಾಗಿ ಇಳ್ಕೊಂಡು ಹೋಗ್ತಾರೆ,
ನಾನೊಬ್ಬ ಐದನೇ ಕ್ಲಾಸಲ್ಲೇ ಉಳೀತೀನಿ,
ನಾಲ್ಕನೇದು ಮುಗಿಸದೇನೆ.

ದ್ಯುತಿಸಂಶ್ಲೇಷಣೆ! ಅಂದೆ.
ಚಾರ್ವಿಗೆ ಪರೀಕ್ಷೆಯೇ ಇಲ್ಲ, ಒಂದನೇ ಕ್ಲಾಸು,
ಮುಂದಿನ ಹಲ್ಲೂ ಇಲ್ಲ.
ಅವಳು ದ್ಯು ಅಂದಿದ್ದಕ್ಕೆ ನನ್ನ ಕುತ್ತಿಗೆ ಒದ್ದೆ.
ಎಲೆ ಬಿಸಿಲಲ್ಲಿ ಅಡುಗೆ ಮಾಡ್ಕೊಳೋದು, ಅಂದ ಜೆರೋಮ್.
ಗ್ಯಾಸ್ ಇಲ್ದೇನಾ?
ಇದೆ ಅಂಕಲ್, ಇಂಗಾಲದ ಡೈ ಆಕ್ಸೈಡು,
ನಿಮ್ಮ ಸೈಲೆನ್ಸರಿಂದೇ ಸಾಕು.

ಹಾವನೂರು ಸರ್ಕಲ್. ನಿಂತ್ವಿ.
ಪರಿಧಿ? ವೃತ್ತದ ಸುತ್ತಳತೆ.
ತ್ರಿಜ್ಯ? ನಡುವಿಂದ ಅಂಚಿಗೆ.
ಇಲ್ಲಿ ನಾಲ್ಕು ಮೂಲೆ ಇದಾವಲ್ಲ ಅಂಕಲ್,
ಇದನ್ಯಾಕೆ ಸರ್ಕಲ್ ಅಂತಾರೆ?
ಅದು ಪಟ್ಟೀಲಿಲ್ಲ, ಅಂದೆ.
ಹಿಂದಿನ ಬೈಕು ಹಾರ್ನ್ ಹೊಡೀತು.

ರೂಢನಾಮಕ್ಕೆ ಉದಾಹರಣೆ: ನದಿ, ಬೆಟ್ಟ, ಆಟೋ.
ಅಂಕಿತನಾಮ? ಮುನಿಹುಚ್ಚಯ್ಯ! ಅಂದ್ರು ಏಳೂ ಜನ,
ಅಂದು ಬಿದ್ದು ಬಿದ್ದು ನಕ್ಕರು.
ಲೈಸೆನ್ಸ್ ಬಿಟ್ರೆ ಆ ಹೆಸರು
ಇವರ ಬಾಯಲ್ಲೇ ಇರೋದು.
ಊರೆಲ್ಲ ನನ್ನ ರೂಢನಾಮ ಕೂಗಿ ಕೈ ಅಡ್ಡ ಹಾಕುತ್ತೆ.

ಘರ್ಷಣೆ ಮಾತ್ರ ಗಗನನ ತಲೆಗೆ ಹೋಗ್ತಿಲ್ಲ.
ಎರಡು ಮೇಲ್ಮೈಗಳು ಒಂದಕ್ಕೊಂದು... ಒಂದಕ್ಕೊಂದು...
ಗಟ್ಟಿಯಾಗಿ ಹಿಡ್ಕೊಳ್ರೋ, ಅಂದು
ಬ್ರೇಕ್ ಒತ್ತಿದೆ.
ಏಳು ಹಣೆ ನನ್ನ ಬೆನ್ನಿಗೆ.
ಇದೇ, ಅಂದೆ. ಹಾಂ, ಅಂದ.
ದೋಸೆ ನನ್ನ ಕಾಕಿ ಶರ್ಟಿಗೆ ಅಂಟಿತ್ತು.

ನವರಂಗ್ ಸಿಗ್ನಲ್ಲಲ್ಲಿ ಪೊಲೀಸು ಬಗ್ಗಿ ನೋಡಿದ.
ಮೂರು ಜನರ ಸೀಟು. ಎಷ್ಟು ಜನ ತುಂಬಿದೀಯ?
ನಾನು ಬಾಯಿ ತೆಗೆಯೋ ಮುಂಚೆ ಅಫ್ಶೀನ್:
ಅಂಶ ಏಳು, ಛೇದ ಮೂರು,
ಅಂಶ ದೊಡ್ಡದು, ಅದಕ್ಕೇ ವಿಷಮ ಭಿನ್ನರಾಶಿ ಸಾರ್.
ಆತ ಸೀಟಿ ಬಾಯಿಂದ ತೆಗೆದ.
ಮಿಶ್ರ ಭಿನ್ನರಾಶಿ ಮಾಡು ನೋಡೋಣ.
ಎರಡು ಪೂರ್ಣ, ಮೂರನೇ ಒಂದು.
ಆ ಮೂರನೇ ಒಂದು ಯಾರಮ್ಮ?
ಚಾರ್ವಿ ಕೈ ಎತ್ತಿದಳು.
ನಕ್ಕ. ನಿಜವಾಗ್ಲೂ ನಕ್ಕ.
ನಕ್ಕೊಂಡೇ ನಂಬರ್ ಪ್ಲೇಟಿನ ಫೋಟೋ ಹೊಡೆದ.

ಗೇಟಲ್ಲಿ ಇಳಿಸಿ ಸೀಟು ಝಾಡಿಸಿದೆ:
ಒಂದು ರಬ್ಬರು, ಅರ್ಧ ಕಡ್ಡಿ ಬಳಪ, ಒಂದು ಕಾಲುಚೀಲ.
ಶೇಷ, ಅಂದ್ಕೊಂಡೆ.
ಯಾರೂ ಕೇಳದಿದ್ರೂ.

ಗುರುವಾರ ಪೇಪರು ಕೊಟ್ರಂತೆ.
ಗಗನ ನನ್ನ ಮೂಗಿನ ಹತ್ರ ಹಿಡಿದ.
ದುಂಡಗೆ ಬರೆದಿದಾನೆ:
ಏಳು ಜನ ಮುಂದಕ್ಕೆ ಬಿದ್ದರೂ ಆಟೋ ನಿಲ್ಲುವುದಕ್ಕೆ
ಘರ್ಷಣೆ ಎನ್ನುತ್ತಾರೆ.
ಪಕ್ಕದಲ್ಲಿ ಕೆಂಪು ಶಾಯಿ, ಅರ್ಧ ಅಂಕ.
ಇನ್ನರ್ಧ ಯಾಕೋ ಹೋಯ್ತು?
ಪುಸ್ತಕದಲ್ಲಿ ಆಟೋ ಇಲ್ವಂತೆ ಅಂಕಲ್.

ಪೇಪರು ಇಸ್ಕೊಂಡು ಇನ್ನೊಂದು ಸಲ ಓದಿದೆ.
ಸ್ಲೇಟು ಕೆಳಗಿಟ್ಟು ಮೂವತ್ತೊಂದು ವರ್ಷ ಆಯ್ತು.
ಮನೆಗೆ ಹೋಗ್ತಾ ಇಳಿಜಾರಲ್ಲಿ
ಬ್ರೇಕು ಕಿರ್ರ್ ಅಂತು, ಲೈನರ್ ಸವೆದಿದೆ,
ಭಾನುವಾರ ಬದಲಾಯಿಸಬೇಕು,
ಇದಕ್ಕೂ ಅದೇ ಪದಾನಾ, ನಾಳೆ ಕೇಳಬೇಕು.