ಅಂಜೂರ ಹೂಳುವ ದಿನ

ನೆಡುವಾಗಲೇ ಓರೆಯಾಗಿ ನೆಟ್ಟದ್ದು,
ಗೋಡೆಗೆ ಬೆನ್ನು ಕೊಟ್ಟು ಇನ್ನೇನು ಒರಗುವವರ ಹಾಗೆ.
ಸೆಟೆದು ನಿಂತ ಅಂಜೂರ
ಮರ್ಗಿಲಾನಿನ ಚಳಿಗೆ ಒಂದೇ ಇರುಳಲ್ಲಿ ಸೌದೆ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ
ಅತ್ತೆ ಅನ್ನುತ್ತಿದ್ದರು, ನನ್ನ ಕಡೆ ನೋಡಿ.
ಅತ್ತೆ ಈಗಿಲ್ಲ. ಮರ
ಇಪ್ಪತ್ತಾರು ಚಳಿಗಾಲ ಬಗ್ಗಿದೆ.
ನನ್ನದು ಲೆಕ್ಕ ಇಟ್ಟಿಲ್ಲ.

ಎಲೆಯೆಲ್ಲ ಉದುರಿ, ಮೊದಲ ಹಿಮ ಬೀಳುವ ಮುಂಚೆ
ಒಂದು ಒಣ ದಿನ ನೋಡಿ ಹೂಳಬೇಕು.
ತೊಡೆಮಟ್ಟದ ಗುಂಡಿ, ತಳಕ್ಕೆ ಜೊಂಡಿನ ಚಾಪೆ,
ಕೊಂಬೆಗಳನ್ನೆಲ್ಲ ಜಡೆಯ ಹಾಗೆ ಸೇರಿಸಿ ಹಗ್ಗ ಸುತ್ತಿ,
ಆಮೇಲೆ ಒಬ್ಬರು ಬುಡಕ್ಕೆ ಮೊಣಕಾಲು ಕೊಟ್ಟು ಕೂರಬೇಕು,
ಇನ್ನೊಬ್ಬರು ನೆತ್ತಿಯಿಂದ ಎಳೆಯಬೇಕು.
ಎಳೆಯುವುದು ನಮ್ಮವರ ಕೆಲಸ, ಮೊಣಕಾಲು ನನ್ನದು.
ಈ ವರ್ಷ ಎರಡೂ ನನ್ನದೇ.
ಬುಡ ಹಿಡಿದರೆ ನೆತ್ತಿ ಎದ್ದು ನಿಲ್ಲುತ್ತದೆ,
ನೆತ್ತಿಗೆ ಜೋತುಬಿದ್ದರೆ ಬುಡ ನರಳುತ್ತದೆ.

ಗೋಡೆಯ ಮೇಲೆ ಎರ್ಗಾಷರ ಟೋಪಿ ಕಂಡಿತು,
ಜರ್ದಾಳು ಕೊಂಬೆ ಸವರುತ್ತಿದ್ದರು.
ಒಂಬತ್ತು ವರ್ಷದಿಂದ ಮಾತಿಲ್ಲ.
ಕಾಲುವೆಯ ನೀರು ನಾಲ್ಕು ಗಂಟೆಗೆ ನನ್ನ ಪಾಳಿ,
ನಾಲ್ಕಾದರೂ ಅವರ ತೋಟಕ್ಕೇ ಹರಿಯುತ್ತಿತ್ತು,
ಇಡೀ ಓಣಿ ಕೇಳುವಂತೆ ನೀರುಗಳ್ಳ ಅಂದಿದ್ದೆ.
ಗಡಿಯಾರ ಕಾಲು ಗಂಟೆ ಮುಂದಿತ್ತು, ನನ್ನದು.
ಸಂಜೆಗೇ ಗೊತ್ತಾಯಿತು.
ಮುಳ್ಳು ಸರಿಮಾಡಿದೆ, ಮಾತನ್ನು ಮಾಡಲಿಲ್ಲ.

ಅವರು ಏಣಿ ಇಳಿದರು. ಗೋಡೆ ಹಾರಲಿಲ್ಲ,
ಓಣಿ ಸುತ್ತಿ ಬಾಗಿಲಿಂದಲೇ ಬಂದರು.
ಹಿಡೀರಿ, ಅಂದರು. ನಿಧಾನ.
ಸ್ವಲ್ಪ ತಡೀರಿ, ಅದು ಉಸಿರು ಬಿಡಲಿ.
ಒಂಬತ್ತು ವರ್ಷದ ಮೇಲೆ ಐದಾರು ಮಾತು,
ಎಲ್ಲವೂ ಮರದ ಸಲುವಾಗಿ.
ಪೂರ್ತಿ ಮಲಗುವ ಹೊತ್ತಿಗೆ ಒಂದು ಕವಲು
ಚಟ್ಟಂತ ಸೀಳಿ ಹಾಲು ಸುರಿಸಿತು.
ಅವರು ಸೊಂಟದ ವಸ್ತ್ರ ಬಿಚ್ಚಿ
ಸೀಳಿದ ಕಡೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು.
ಅಂಚಿಗೆ ಹೆಂಡತಿ ಹಾಕಿಕೊಟ್ಟ ಕೆಂಪು ಕಸೂತಿ.
ಅದರ ಮೇಲೆ ಹಳೆ ರಜಾಯಿ, ಅದರ ಮೇಲೆ ಮಣ್ಣು.
ಚಹಾ ಅಂತ ನಾನು ಅನ್ನುವುದರೊಳಗೆ
ಕೈ ಕೊಡವಿಕೊಂಡು ಹೋಗಿಯಾಗಿತ್ತು.

ಉಸಿರಾಟಕ್ಕೊಂದು ತಳವೊಡೆದ ಮಡಕೆ ಹುಗಿದಿರುತ್ತೇವೆ.
ಮೊಮ್ಮಗಳು ಸಬೋಹತ್ ಅದಕ್ಕೆ ಬಾಯಿಟ್ಟು
ಶಾಲೆಯ ಸುದ್ದಿಯೆಲ್ಲ ಹೇಳುತ್ತಾಳೆ,
ಲೆಕ್ಕದಲ್ಲಿ ನಪಾಸಾದದ್ದೂ ಸೇರಿ,
ನನಗೆ ಹೇಳದ್ದು.
ಹಿಮ ಬಿದ್ದ ಒಂದು ರಾತ್ರಿ
ಮಡಕೆಯ ಬಾಯಿಗೆ ಹುಲ್ಲು ತುರುಕಲು ಹೋದವಳು
ನಾನೂ ಬಗ್ಗಿದೆ. ಗಡಿಯಾರದ ವಿಷಯ ಹೇಳಿದೆ.
ಮೊದಲ ಸಲ, ಅದೂ ಗಟ್ಟಿಯಾಗಿ,
ಕಿವಿ ಕೇಳದವರಿಗೆ ಹೇಳುವ ಹಾಗೆ.
ಗೋಡೆಯಾಚೆ ಯಾರೋ ಕೆಮ್ಮಿದರು.
ಎರ್ಗಾಷ್ ಇರಬಹುದು.
ಅವರ ಕುರಿಯೂ ಹಾಗೇ ಕೆಮ್ಮುತ್ತದೆ.

ಮಾರ್ಚಿನಲ್ಲಿ ಬಿಸಿಲಿರುವ ದಿನ ತೆಗೆಯಬಾರದು,
ನಾಲ್ಕು ತಿಂಗಳ ಕತ್ತಲಿಂದ ಎದ್ದ ತೊಗಟೆ
ಸುಟ್ಟುಹೋಗುತ್ತದೆ.
ಮೋಡ ಕವಿದ ಒಂದು ಮುಂಜಾನೆ ಗುದ್ದಲಿ ಹಿಡಿದರೆ
ಬಾಗಿಲಲ್ಲಿ ಅವರು, ತಮ್ಮ ಗುದ್ದಲಿ ಸಮೇತ.
ಬೂಷ್ಟು ವಾಸನೆ, ಎರೆಹುಳು, ಕೊಳೆತ ಎಲೆ,
ಒಣಗಿದ ಎರಡು ತುದಿ ಕತ್ತರಿಸಿ ಎಸೆದೆವು.
ಉಳಿದವುಗಳ ಕಣ್ಣಲ್ಲಿ ಮೆಣಸಿನ ಕಾಳಿನಷ್ಟು ಹಸಿರು.
ವಸ್ತ್ರ ಕಪ್ಪಾಗಿತ್ತು.
ಒಗೆದು ಕೊಡೋಣ ಅಂತ ಗಂಟಿಗೆ ಕೈ ಹಾಕಿದೆ.
ಇರಲಿ, ಅಂದರು. ಇನ್ನೊಂದು ಬೇಸಿಗೆ, ಕೂಡಲಿ.

ಕೈಯೆಲ್ಲ ಹಾಲು ಅಂಟಿ ತುರಿಸುತ್ತಿತ್ತು.
ಮರ ಅರ್ಧ ಎದ್ದು ಊರುಗೋಲಿಗೆ ಒರಗಿ
ಮುಂದೇನು ಅಂತ ಯೋಚನೆ ಮಾಡುತ್ತಿತ್ತು.
ಹೊಸ್ತಿಲು ದಾಟುವ ಮುಂಚೆ ತಿರುಗಿ ಕೇಳಿದರು:
ಗಂಟೆ ಎಷ್ಟಾಯ್ತು?
ನಾನು ಗಡಿಯಾರದ ಕಡೆ ನೋಡಲಿಲ್ಲ.
ನಿಮ್ಮದರಲ್ಲಿ ಎಷ್ಟೋ ಅಷ್ಟು, ಅಂದೆ.